ಐದನೆಯ ನರ

೧೧ ಜೂನ್ ೨೦೦೬, ರವಿವಾರ. ಬ್ಯಾಡಗಿ

ನಿವೃತ್ತಿಯಾಗಿ ಹನ್ನೊಂದು ದಿನ. ಶಾಲೆಯವರು ಹೊದಿಸಿದ ಶಾಲು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ. ಕುಲ್ಸುಮಬಿ ಬೆಳಿಗ್ಗೆ ಎದ್ದ ಕೂಡಲೇ ನನ್ನನ್ನು ಮನೆಯಿಂದ ಹೊರಗೆ ಹಾಕುವ ದಾರಿ ಹುಡುಕುತ್ತಾಳೆ. ಮೂವತ್ತು ವರ್ಷ ಹಗಲು ಹೊತ್ತು ಗಂಡನ ಕಾಟವಿಲ್ಲದೆ ಆರಾಮಾಗಿದ್ದವಳು, ಪಾಪ. ರಾಣೆಬೆನ್ನೂರಿನ ಸಿದ್ದಲಿಂಗಪ್ಪ ಸರ್ ಕರೆದು ಕೆಲಸ ಕೊಟ್ಟದ್ದರಿಂದ ನಮ್ಮ ಸಂಸಾರ ಉಳಿಯಿತು.

ಸರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು, ನನಗಿಂತ ಹದಿಮೂರು ವರ್ಷ ದೊಡ್ಡವರು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನಾಗಿದ್ದ ನಾನು ಅವರ ಲ್ಯಾಬಿಗೆ ಕಪ್ಪೆ, ಜಿರಳೆಗಳ ಚಾರ್ಟು ಬರೆದುಕೊಟ್ಟಿದ್ದೆ. ಅಂದಿನಿಂದ ನಂಟು. ಅವರ ಹತ್ತಿರ ಅಂಗೈಯಗಲದ ಒಂದು ಬೂದು ಕಲ್ಲಿದೆ. ಇಪ್ಪತ್ತು ವರ್ಷದ ಹಿಂದೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಗೋದಾವರಿ ಕಡೆ ಹೋದಾಗ ಸಿಕ್ಕಿದ್ದಂತೆ. ಕಲ್ಲಿನಲ್ಲಿ ಒಂದು ರೆಕ್ಕೆಯ ಅಚ್ಚು, ಹೆಬ್ಬೆರಳಿನ ಉಗುರಿನಷ್ಟು. ಅದು ಚೇಳುನೊಣದ ರೆಕ್ಕೆ. ಗಂಡುನೊಣದ ಬಾಲ ಚೇಳಿನ ಹಾಗೆ ಮೇಲಕ್ಕೆ ಬಾಗಿರುವುದರಿಂದ ಆ ಹೆಸರು, ಕುಟುಕುವುದಿಲ್ಲ. ಹದಿನೇಳು ಕೋಟಿ ವರ್ಷ ಹಳೆಯದು, ಇಂಥದ್ದು ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ ಎನ್ನುತ್ತಾರೆ ಸರ್. ಇಪ್ಪತ್ತು ವರ್ಷದಿಂದ ಅದರ ಬಗ್ಗೆ ಒಂದು ಲೇಖನ ಬರೆಯಬೇಕೆಂದು ಕೂತಿದ್ದಾರೆ. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂತು. ಸಕ್ಕರೆ ಕಾಯಿಲೆ ಹತೋಟಿಗೆ ಬರುವ ತನಕ ಆಪರೇಷನ್ ಮಾಡುವುದಿಲ್ಲವಂತೆ. ಸೂಕ್ಷ್ಮದರ್ಶಕದಲ್ಲಿ ಅವರಿಗೆ ಮಂಜು ಬಿಟ್ಟು ಏನೂ ಕಾಣದು. ಆದ್ದರಿಂದ ನೋಡುವವನೂ ನಾನೇ, ಚಿತ್ರ ಬರೆಯುವವನೂ ನಾನೇ.

ಅವರ ಮನೆಯಲ್ಲಿ ಕಲ್ಲು ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಬಂದಿದ್ದೆ, ಇವತ್ತು ಇಲ್ಲಿ ಶಾಯಿಯ ಚಿತ್ರ ಮುಗಿಯಿತು. ನನ್ನ ಕೈಯನ್ನು ನಾನೇ ಹೊಗಳಿಕೊಳ್ಳಬಾರದು. ಹೊಗಳುವವರು ಬೇರೆ ಯಾರೂ ಇಲ್ಲವಾದ್ದರಿಂದ ಬರೆದಿಡುತ್ತೇನೆ: ಗೆರೆ ಎಂದರೆ ಅದು ಗೆರೆ! ಕಲ್ಲಿನಲ್ಲಿ ರೆಕ್ಕೆಯ ನರಗಳು ಅಲ್ಲಲ್ಲಿ ಕಿತ್ತುಹೋಗಿವೆ. ಇದ್ದ ಹಾಗೇ ಬರೆದಿದ್ದರೆ ಇರುವೆ ಸಾಲಿನಂತೆ ಕಾಣುತ್ತಿತ್ತು. ನಮ್ಮಪ್ಪ ಯೂಸುಫಸಾಬ ಇಲ್ಲಿಯ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲಗಳ ಮೇಲೆ ಅಂಗಡಿಯ ಮಾರ್ಕು ಹೊಡೆಯುತ್ತಿದ್ದ. ತಗಡಿನಲ್ಲಿ ಅಕ್ಷರ ಕೊರೆದು ಅಚ್ಚು ಮಾಡುವಾಗ ನಡುನಡುವೆ ಸ್ವಲ್ಪ ತಗಡು ಬಿಡಲೇಬೇಕು, ಇಲ್ಲವಾದರೆ ಅಕ್ಷರದ ಹೊಟ್ಟೆಯೇ ಉದುರಿಹೋಗುತ್ತದೆ. ಹೀಗಾಗಿ ಚೀಲದ ಮೇಲೆ ಅಕ್ಷರ ತುಂಡುತುಂಡಾಗಿ ಬೀಳುತ್ತದೆ. ಉಳಿದವರು ಹಾಗೇ ಬಿಟ್ಟು ಮುಂದಿನ ಚೀಲಕ್ಕೆ ಹೋಗುತ್ತಿದ್ದರು. ಅಪ್ಪ ಮಾತ್ರ ಬ್ರಷ್ ಹಿಡಿದು ಒಂದೊಂದು ಸಂದನ್ನೂ ತುಂಬುತ್ತಿದ್ದ, ಹತ್ತು ವರ್ಷದವನಾಗಿದ್ದಾಗಿನಿಂದ ನನ್ನ ಕೈಯಿಂದಲೂ ತುಂಬಿಸುತ್ತಿದ್ದ. ಆ ಕೈ ಇದು. ಎಲ್ಲ ನರಗಳನ್ನೂ ಚೊಕ್ಕಟವಾಗಿ ಕೂಡಿಸಿದ್ದೇನೆ.

೧೮ ಜೂನ್, ರವಿವಾರ

ಪ್ಯಾಸೆಂಜರ್ ಗಾಡಿ ಒಂದು ತಾಸು ತಡ. ಸರ್ ಬಾಗಿಲಲ್ಲೇ ನಿಂತಿದ್ದರು. ದೊಡ್ಡ ಹಾಳೆಯ ಮೇಲೆ ದಪ್ಪ ಶಾಯಿಯ ಗೆರೆಯಾದರೆ ಅವರಿಗೆ ಮಸುಕಾಗಿ ಕಾಣುತ್ತದೆ. ಚಿತ್ರವನ್ನು ಮೂಗಿಗೆ ಮುಟ್ಟಿಸಿಕೊಂಡು, ಬೆರಳಿನಿಂದ ಒಂದೊಂದೇ ನರ ಹಿಡಿದು ಹೋದರು.

"ನಡುವಿನ ನರಕ್ಕ ಎಷ್ಟ ಕವಲು ಬರದೀ?"

"ಐದ್ರಿ."

"ನಾಲ್ಕಲ್ಲ?"

"ಐದ್ರಿ ಸರ್. ಕಡೀದು ಸಣ್ಣದೈತಿ, ಕೆಳಗಿನ ಅಂಚಿನ ಕಡೆ."

"ಎಡಕ್ಕೂ ಬಲಕ್ಕೂ ದೀಪ ಹಿಡದ ನೋಡಿಯಿಲ್ಲ?"

"ನೋಡೇನ್ರಿ."

ನಿಜ ಹೇಳಬೇಕೆಂದರೆ ಎಡಗಡೆಯಿಂದ ಮಾತ್ರ ನೋಡಿದ್ದೆ. ಬಲಗಡೆ ದೀಪ ಇಡುವಷ್ಟರಲ್ಲಿ ಕರೆಂಟು ಹೋಗಿತ್ತು. ಅಷ್ಟಕ್ಕೆಲ್ಲ ಏನು, ದೀಪದ ಕಡೆ ಬದಲಾದರೆ ನೆರಳು ಬದಲಾಗುತ್ತದೆ, ಕಲ್ಲು ಅದೇ ತಾನೇ.

ಸರ್ ಕುರ್ಚಿಯಿಂದ ಎದ್ದುಬಿಟ್ಟರು. ಅವರ ಸೊಸೆ ಶ್ರೀದೇವಿ ಚಹಾ ತಂದವಳು ಗಾಬರಿಯಾಗಿ ನಿಂತಳು. ಸರ್ ನನಗೆ ಬಿಡಿಸಿ ಹೇಳಿದರು: ಕಲ್ಲಿನಲ್ಲಿ ಉಳಿಯುವುದು ಹೆಚ್ಚಾಗಿ ರೆಕ್ಕೆ ಮಾತ್ರ, ಆದ್ದರಿಂದ ಇಂಥ ನೊಣಗಳನ್ನು ರೆಕ್ಕೆಯ ನರ ಎಣಿಸಿಯೇ ವಿಂಗಡಿಸುತ್ತಾರೆ. ಇದನ್ನು ಹೋಲುವ ಹಳೆಯ ಕುಲವೊಂದಿದೆ, ಅದರಲ್ಲಿ ನಡುವಿನ ನರಕ್ಕೆ ನಾಲ್ಕೇ ಕವಲು. ಐದು ಇದೆ ಎಂದರೆ ಇದು ಆ ಕುಲದ್ದಲ್ಲ. ಯಾರೂ ಕಂಡಿರದ ಹೊಸ ಕುಲ.

ಅವರು ಹುಟ್ಟಿದ್ದು ಹೊಸರಿತ್ತಿಯಲ್ಲಿ, ವರದಾ ನದಿಯ ದಂಡೆಯ ಮೇಲೆ. ಶಾಸ್ತ್ರದಲ್ಲಿ ಚೇಳುನೊಣಕ್ಕೆ ಪನಾರ್ಪ ಎನ್ನುತ್ತಾರೆ, ಅದಕ್ಕೆ ನದಿಯ ಹೆಸರು ಸೇರಿಸಿ ಕುಲಕ್ಕೆ 'ವರದಾಪನಾರ್ಪ' ಎಂದು ಹೆಸರಿಡುತ್ತಾರಂತೆ. ಕುಲದೊಳಗಿನ ಪ್ರಭೇದಕ್ಕೆ ಇನ್ನೊಂದು ಹೆಸರು ಬೇಕಲ್ಲ, ಅದಕ್ಕೆ 'ಇಸಾಕಿ'. ನನ್ನ ಹೆಸರು!

ಕುಲ್ಸುಮಬಿಗೆ ಹೇಳಿದರೆ, "ನೊಣಕ್ಕ ನಿಮ್ಮ ಹೆಸರಾ? ಸರ್‌ಗೆ ಒಂದು ಹುಲಿ ಗಿಲಿ ಸಿಗಲಿಲ್ಲೇನು?" ಅಂದಳು. ಆದರೆ ಸಂಜೆ ನೀರಿಗೆ ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

೨೨ ಡಿಸೆಂಬರ್

ಪತ್ರಿಕೆ ಬಂತು. ತೆಳ್ಳಗಿನ ಪತ್ರಿಕೆ, ಓದುವವರು ದೇಶದಲ್ಲಿ ಇನ್ನೂರು ಜನ ಇದ್ದಾರೋ ಇಲ್ಲವೋ. ನನ್ನ ಚಿತ್ರ ಅರ್ಧ ಪುಟ ಹಿಡಿದಿದೆ. ಸರ್ ಒಂದು ಪ್ರತಿಯನ್ನು ಹೊಸರಿತ್ತಿಯ ಶಾಲೆಗೆ ಕಳಿಸಿದ್ದಾರೆ. ಇಷ್ಟು ಖುಷಿಯಾಗಿ ಅವರನ್ನು ನಾನು ಕಂಡಿರಲಿಲ್ಲ.

೧೧ ಫೆಬ್ರವರಿ ೨೦೦೭, ರವಿವಾರ

ಶ್ರೀದೇವಿ ಸೈಬರ್ ಕೆಫೆಯಿಂದ ಒಂದು ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದಿದ್ದಳು. ಚೀನಾ ದೇಶದ ಒಬ್ಬ ಸಂಶೋಧಕಿ ಬರೆದ ಪತ್ರ. ಓದಿ ಕನ್ನಡದಲ್ಲಿ ಹೇಳಿದಳು: ನಿಮ್ಮ ರೆಕ್ಕೆ ಎಲ್ಲ ಬಗೆಯಿಂದಲೂ ಹಳೆಯ ಕುಲದ ರೆಕ್ಕೆಯಂತೆಯೇ ಇದೆ, ಆ ಐದನೆಯ ಕವಲೊಂದನ್ನು ಬಿಟ್ಟು. ಅದು ನರವೋ ಅಥವಾ ಕಲ್ಲಿನ ಬಿರುಕೋ, ದಯವಿಟ್ಟು ಇನ್ನೊಮ್ಮೆ ನೋಡಿ ತಿಳಿಸುವಿರಾ?

ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲಿಯೋ ಕೂತವಳು ನನ್ನ ಗೆರೆಯಲ್ಲಿ ತಪ್ಪು ಹುಡುಕುತ್ತಾಳೆಯೇ! ಸರ್ ನಕ್ಕರು. "ಕೇಳೂದು ಆಕಿ ಕೆಲಸ, ಇಸಾಕ. ನೋಡೂದು ನಮ್ಮ ಕೆಲಸ. ಕಲ್ಲ ಇಡು."

ಕಲ್ಲು ಇಟ್ಟೆ. ಎಡಗಡೆಯ ಬೆಳಕಿನಲ್ಲಿ ನನ್ನ ಐದೂ ಕವಲು ಇದ್ದವು. ಅವಳ ಬಾಯಿ ಮುಚ್ಚಿಸಬೇಕೆಂದೇ ದೀಪವನ್ನು ಬಲಗಡೆಗೆ ತಿರುಗಿಸಿದೆ.

ಐದನೆಯ ಗೆರೆ ರೆಕ್ಕೆಯ ಅಂಚಿನವರೆಗೆ ಬಂದು ಅಲ್ಲಿ ನಿಲ್ಲಲಿಲ್ಲ. ಅಂಚು ದಾಟಿ, ಖಾಲಿ ಕಲ್ಲಿನಲ್ಲಿ ಒಂದು ಅಕ್ಕಿಕಾಳಿನಷ್ಟು ಮುಂದೆ ಹೋಗಿತ್ತು. ರೆಕ್ಕೆಯ ನರ ರೆಕ್ಕೆ ಬಿಟ್ಟು ಹೊರಗೆ ಹೋಗುವುದಿಲ್ಲ, ಇದು ನನಗೂ ಗೊತ್ತು. ಇತ್ತ ನಡುವಿನ ನರದ ಕಡೆ ನೋಡಿದರೆ ಎರಡಕ್ಕೂ ನಂಟೇ ಇಲ್ಲ, ನಡುವೆ ಬರಿದಾದ ಕಲ್ಲು. ಆ ಬರಿದಾದ ಜಾಗದಲ್ಲಿ ಗೆರೆ ಎಳೆದು ಕೂಡಿಸಿದವನು ನಾನು.

ಸರ್ ಹಿಂದೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟರು. "ಏನ್ ಕಾಣಸ್ತು? ಐತೇನು?"

"ಐತ್ರಿ" ಅಂದೆ.

"ಖರೇ?"

"ಹೂಂನ್ರಿ. ನರಾನ ಐತಿ."

ಅವರು ಆಗಲೇ ಉತ್ತರ ಹೇಳಿ ಬರೆಸಿದರು: ಕಲ್ಲನ್ನು ಮತ್ತೊಮ್ಮೆ ಪರೀಕ್ಷಿಸಿದ್ದೇವೆ, ಐದನೆಯ ಕವಲು ಸ್ಪಷ್ಟವಾಗಿದೆ. ಶ್ರೀದೇವಿ ಬರೆದುಕೊಂಡಳು.

ವಯಸ್ಸಾದವರ ಸಂತೋಷ ಕೆಡಿಸಿ ಬರುವುದೇನಿದೆ? ಹದಿನೇಳು ಕೋಟಿ ವರ್ಷದ ಹಿಂದೆ ಸತ್ತ ನೊಣಕ್ಕೆ ನರ ನಾಲ್ಕಿದ್ದರೇನು, ಐದಿದ್ದರೇನು. ಯಾರ ಮನೆ ಮುಳುಗುತ್ತದೆ?

೧೩ ಫೆಬ್ರವರಿ

ನಿದ್ದೆ ಸರಿಯಾಗಿಲ್ಲ. ಪೇಟೆಯಲ್ಲಿ ಮೆಣಸಿನಕಾಯಿ ಸೀಜನ್ನು, ಘಾಟಿಗೆ ಇಡೀ ಊರು ಸೀನುತ್ತಿದೆ. ಅದಕ್ಕೇ ಇರಬೇಕು.

೪ ಮಾರ್ಚ್, ರವಿವಾರ

ರಾಣೆಬೆನ್ನೂರಿಗೆ ಹೋಗಲಿಲ್ಲ. ಜ್ವರ ಎಂದು ಫೋನ್ ಮಾಡಿಸಿದೆ.

ಕುಲ್ಸುಮಬಿ ವರ್ಷದ ಖಾರಕ್ಕೆ ಮೆಣಸಿನಕಾಯಿ ತಂದು ಮಾಳಿಗೆಯ ಮೇಲೆ ಹರವಿಕೊಂಡು ತೊಟ್ಟು ಬಿಡಿಸುತ್ತಿದ್ದಳು. ನಡುವೆ ಒಂದೊಂದನ್ನು ಎತ್ತಿ ಪಕ್ಕಕ್ಕೆ ಎಸೆಯುತ್ತಿದ್ದಳು. "ಇವು ನಮ್ಮ ಬ್ಯಾಡಗಿ ಕಡ್ಡಿಕಾಯಿ ಅಲ್ಲ. ಬಣ್ಣ ಐತಿ, ಮೈಮ್ಯಾಲೆ ಸುಕ್ಕಿಲ್ಲ. ಬ್ಯಾರೆ ಕಡೀದ ಬೆರಸ್ಯಾನ."

"ಹಿಡಿಯಷ್ಟು ಬೆರತರ ಏನಾಕ್ಕೇತಿ? ಅರದ ಮ್ಯಾಲೆ ಎಲ್ಲಾ ಕೆಂಪನ" ಅಂದೆ.

"ಬೆರತದ್ದಕ್ಕ ಸಿಟ್ಟಿಲ್ಲ ನನಗ. ನಾ ಬಾಯಿ ಬಿಟ್ಟ ಕೇಳಿದ್ದೆ, ಎಲ್ಲಾ ಒಂದ ಮಾಲೇನೋ ಅಂತ. ಹೌದ ಅಂದ. ಕೇಳಿದಾಗ ಹೌದ ಅಂದನಲ್ಲ, ಇನ್ನ ಆ ಅಂಗಡಿ ಮೆಟ್ಟಲ ನಾ ಹತ್ತಂಗಿಲ್ಲ."

ಇವಳಿಗೆ ಯಾರೋ ಹೇಳಿದ್ದಾರೆ ಎಂದು ಒಂದು ಕ್ಷಣ ಅನಿಸಿತು. ಹೇಳುವವರು ಯಾರಿದ್ದಾರೆ, ಗೊತ್ತಿರುವುದು ನನಗೊಬ್ಬನಿಗೆ. ಕೆಳಗಿಳಿದು ಬಂದೆ.

೬ ಮೇ, ರವಿವಾರ

ಇದನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಸರ್ ಮಲಗಿದ್ದರು. ಶ್ರೀದೇವಿ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕಲ್ಲು ಸೂಕ್ಷ್ಮದರ್ಶಕದ ಕೆಳಗಿತ್ತು, ನನ್ನ ಕೈಯಲ್ಲಿ ಸೂಜಿ ಇತ್ತು. ಧೂಳು ತೆಗೆಯುವ ಸೂಜಿ ಅದು. ಆ ಬರಿದಾದ ಜಾಗದಲ್ಲಿ ಒಂದು ಕೂದಲೆಳೆಯಷ್ಟು ಗೀರಿದರೆ, ಹೊರಗೆ ಹೋದ ತುದಿಯ ಮೇಲೆ ಸ್ವಲ್ಪ ಕಲ್ಲಿನ ಪುಡಿ ಒತ್ತಿದರೆ, ಮುಂದೆ ಯಾರು ನೋಡಿದರೂ ಐದು. ಸೂಜಿಯ ಮೊನೆ ಕಲ್ಲಿಗೆ ತಾಗಿತ್ತು ಕೂಡ.

ಗೀರಲಿಲ್ಲ. ದೇವರಿಗೆ ಹೆದರಿ ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತದೆ. ಖರೆ ಅಂದರೆ ಕಲ್ಲು ಚಕ್ಕೆಯೆದ್ದು ಸಿಕ್ಕಿಬೀಳುತ್ತೇನೆಂದು ಹೆದರಿದೆ.

೧೯ ಆಗಸ್ಟ್, ರವಿವಾರ

ಚೀನಾದ ಆ ಹೆಣ್ಣುಮಗಳು ತನ್ನ ಹೊಸ ಲೇಖನ ಕಳಿಸಿದ್ದಾಳೆ. ಅಳಿದುಹೋದ ಚೇಳುನೊಣಗಳನ್ನೆಲ್ಲ ವಿಂಗಡಿಸಿ ಒಂದು ಉದ್ದನೆಯ ಪಟ್ಟಿ ಮಾಡಿದ್ದಾಳೆ. ಅದರಲ್ಲಿ ವರದಾಪನಾರ್ಪಕ್ಕೆ ಪ್ರತ್ಯೇಕ ಸಾಲು. 'ಲೇಖಕರು ಕಲ್ಲನ್ನು ಮರುಪರೀಕ್ಷಿಸಿ ತಿಳಿಸಿದಂತೆ' ಎಂದು ಕೆಳಗೆ ಬರೆದಿದ್ದಾಳೆ. ಸಂಶಯ ಪಟ್ಟವಳೂ ನಂಬಿಬಿಟ್ಟಳು.

ಸರ್ ಆ ಸಾಲನ್ನು ಶ್ರೀದೇವಿಯಿಂದ ಮೂರು ಸಲ ಓದಿಸಿ ಕೇಳಿದರು. ಮೂರು ಸಲವೂ ನಾನು ಅಲ್ಲೇ ಕೂತಿದ್ದೆ.

೧೪ ಅಕ್ಟೋಬರ್, ರಂಜಾನ್ ಹಬ್ಬ

ಮೂವತ್ತು ರೋಜಾ ಹಿಡಿದೆ, ಒಂದೂ ಬಿಡಲಿಲ್ಲ. ಹೊಟ್ಟೆ ಹಸಿವು ತಡೆಯಿತು, ಆ ಒಂದು ಮಾತು ಒಳಗೆ ಹಾಗೇ ಕೂತಿತ್ತು. ನಮಾಜು ಮುಗಿಸಿ ಬಂದಾಗ ಸರ್ ಫೋನು. ಹಬ್ಬದ ಶುಭಾಶಯ ಹೇಳಿ, "ಸಕ್ಕರಿ ಇಳದೈತಿ ಇಸಾಕ, ಈ ತಿಂಗಳ ಕಡೀಕ ಹಾವೇರಿಯೊಳಗ ಆಪರೇಷನ್. ಕಣ್ಣು ಬಂದ ಕೂಡಲೇ ಮೊದಲು ನಮ್ಮ ನೊಣ ನೋಡತೇನಿ" ಅಂದರು. ಮಗುವಿನ ಹಾಗೆ ನಗುತ್ತಿದ್ದರು.

ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ಬಾಯಿಗೆ ಹತ್ತಲಿಲ್ಲ. ಕುಲ್ಸುಮಬಿ, "ಸಕ್ಕರಿ ಕಡಿಮಿ ಆತೇನು?" ಎಂದು ಕೇಳಿದಳು.

೩೧ ಅಕ್ಟೋಬರ್. ಹಾವೇರಿ

ಆಪರೇಷನ್ ಚೆನ್ನಾಗಿ ಆಯಿತು. ಹೊರಗೆ ಬೆಂಚಿನ ಮೇಲೆ ಶ್ರೀದೇವಿಯ ಜೊತೆ ನಾನೂ ಕೂತಿದ್ದೆ. ಕಣ್ಣು ಬರಲಿ ಎಂದು ಮನಸಾರೆ ಬೇಡಿಕೊಂಡೆ. ಅದರಲ್ಲಿ ನನ್ನ ಸ್ವಾರ್ಥವೂ ಇತ್ತು. ಅವರೇ ನೋಡಲಿ, ನಾಲ್ಕೇ ಇದೆ ಎಂದು ಅವರೇ ಕಂಡುಕೊಳ್ಳಲಿ, ಬೈಯಲಿ, ಹೊಡೆಯಲಿ ಬೇಕಾದರೆ. ನಾನು ಬಾಯಿ ಬಿಡುವುದೊಂದು ತಪ್ಪಲಿ.

೨೫ ನವೆಂಬರ್, ರವಿವಾರ

ಇವತ್ತು ಸರ್ ಕಲ್ಲು ನೋಡಿದರು.

ಹೊಸ ಕನ್ನಡಕ ತೆಗೆದಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ದೀಪ ಎಡಗಡೆ ಇತ್ತು, ಅವರೇ ಇಟ್ಟುಕೊಂಡದ್ದು. ನಾನು ಗೋಡೆಗೆ ಒರಗಿ ನಿಂತೆ. ಬಹಳ ಹೊತ್ತು ನೋಡಿದರು. ಒಂದು, ಎರಡು ಎಂದು ಎಣಿಸಿದರು. ಮೂರು, ನಾಲ್ಕು. ಸ್ವಲ್ಪ ತಡೆದರು.

"ಐದು" ಅಂದರು. "ಐದ ಅದಾವ ನೋಡು! ಸಣ್ಣದೈತಿ, ಆದ್ರ ಐತಿ. ನೀ ಬರದಂಗ ಐತಿ."

ಅವರು ತಲೆ ಎತ್ತಿದಾಗ ಕಣ್ಣಲ್ಲಿ ನೀರಿತ್ತು. ಇದೊಂದನ್ನು ನಾನು ಎಣಿಸಿರಲಿಲ್ಲ. ಒಂದೂವರೆ ವರ್ಷ ನನ್ನ ಚಿತ್ರವನ್ನೇ ಬೆರಳಿನಿಂದ ಸವರಿ ಸವರಿ ಮನಸ್ಸಿನಲ್ಲಿ ಇಟ್ಟುಕೊಂಡವರು. ಕಣ್ಣು ಬಂದ ಮೇಲೂ ಕಲ್ಲಿನಲ್ಲಿ ಕಂಡದ್ದು ನನ್ನ ಗೆರೆಯೇ. ಇನ್ನು ಸುಮ್ಮನಿದ್ದರೆ ಮುಗಿಯಿತು, ಯಾರೂ ಯಾವತ್ತೂ ಕೇಳುವುದಿಲ್ಲ. ಸುಮ್ಮನಿರಲು ಆಗಲಿಲ್ಲ. ಧೈರ್ಯ ಬಂತು ಎಂದಲ್ಲ, ಆ ಕಣ್ಣೀರು ನೋಡಲಾಗಲಿಲ್ಲ ಅಷ್ಟೇ.

ಹೋಗಿ ದೀಪವನ್ನು ಬಲಗಡೆಗೆ ತಿರುಗಿಸಿದೆ.

"ಈಗ ನೋಡ್ರಿ ಸರ್. ಆ ಐದನೇ ಗೆರಿ ಅಂಚಿಗೆ ನಿಲ್ಲಂಗಿಲ್ಲ. ದಾಟಿ ಕಲ್ಲಿನಾಗ ಹೋಗೇತಿ. ಅದು ಬಿರುಕ್ರಿ. ನಡುವ ಕೂಡಿಸಿದಾಂವ ನಾನು."

ಮತ್ತೆ ಬಾಗಿ ನೋಡಿದರು. ಈ ಸಲ ಎಣಿಸಲಿಲ್ಲ. ತಲೆ ಎತ್ತದೆಯೇ ಕೇಳಿದರು, "ನಿನಗ ಯಾವಾಗ ಗೊತ್ತಾತು?"

"ಚೀನಾದ ಪತ್ರ ಬಂದ ದಿನ್ರಿ."

"ನಾ ನಿನ್ನ ಹೆಗಲ ಮ್ಯಾಲೆ ಕೈ ಇಟ್ಟ ನಿಂತಿದ್ನಲ್ಲ, ಅವತ್ತ?"

"ಹೂಂನ್ರಿ."

ಸೂಕ್ಷ್ಮದರ್ಶಕದ ಮೇಲೆ ಬಟ್ಟೆ ಮುಚ್ಚಿದರು. "ಶ್ರೀದೇವಿ, ಇಸಾಕಗ ಚಾ ಕೊಡವಾ" ಎಂದು ಹೇಳಿ ಒಳಗೆ ಹೋದರು. ಚಹಾ ಬಂತು, ಕುಡಿದೆ. ಅವರು ಹೊರಗೆ ಬರಲಿಲ್ಲ.

೨ ಡಿಸೆಂಬರ್, ರವಿವಾರ

ಕರೆಯಲಿಲ್ಲ. ನಾನೂ ಹೋಗಲಿಲ್ಲ. ಗಾಡಿಯ ಹೊತ್ತಿಗೆ ಸ್ಟೇಶನ್ನಿಗೆ ಮಾತ್ರ ಹೋಗಿ ಬಂದೆ.

೯ ಡಿಸೆಂಬರ್, ರವಿವಾರ

ಶ್ರೀದೇವಿ ಫೋನ್ ಮಾಡಿದ್ದಳು, ಸರ್ ಬರಹೇಳಿದ್ದಾರೆ ಎಂದು.

ಮೇಜಿನ ಮೇಲೆ ಒಂದು ಚಿತ್ರವಿತ್ತು. ಅದೇ ರೆಕ್ಕೆ. ಸರ್ ತಾವೇ ಬರೆದಿದ್ದಾರೆ. ಎಪ್ಪತ್ತೊಂದು ದಾಟಿದ ಕೈ, ಗೆರೆ ನಡುಗಿದೆ, ಒಂದೆಡೆ ಶಾಯಿ ಚೆಲ್ಲಿದೆ. ನರ ಎಲ್ಲಿ ಕಿತ್ತುಹೋಗಿದೆಯೋ ಅಲ್ಲಿ ಕಿತ್ತುಹೋದ ಹಾಗೆಯೇ ಬಿಟ್ಟಿದ್ದಾರೆ. ನನ್ನ ವಿದ್ಯಾರ್ಥಿ ಬರೆದಿದ್ದರೆ ಹತ್ತಕ್ಕೆ ಮೂರು ಅಂಕ ಕೊಡುತ್ತಿದ್ದೆ. ಕಲ್ಲಿನಲ್ಲಿ ಇದ್ದದ್ದೆಲ್ಲ ಅದರಲ್ಲಿತ್ತು, ಇಲ್ಲದ್ದು ಇರಲಿಲ್ಲ. ಹೊಸ ಚಿತ್ರಕ್ಕೆ ನನ್ನನ್ನು ಕರೆಯಲಿಲ್ಲ ಎಂಬುದು ಎದೆಗೆ ಚುಚ್ಚಿತು, ಆದರೆ ಕೇಳುವ ಮುಖ ನನಗಿರಲಿಲ್ಲ.

"ಪತ್ರಿಕೆಗೆ ತಿದ್ದುಪಡಿ ಕಳಸಬೇಕು. ಬರಕೋ" ಅಂದರು. ಅವರು ಇಂಗ್ಲಿಷಿನಲ್ಲಿ ಹೇಳಿದರು, ನಾನು ಬರೆದೆ: ಲೇಖಕನ ದೃಷ್ಟಿದೋಷದಿಂದ ಕಲ್ಲಿನ ಬಿರುಕನ್ನು ನರವೆಂದು ತಿಳಿಯಲಾಗಿತ್ತು. ನಡುವಿನ ನರಕ್ಕೆ ನಾಲ್ಕೇ ಕವಲು. ವರದಾಪನಾರ್ಪ ಎಂಬ ಪ್ರತ್ಯೇಕ ಕುಲಕ್ಕೆ ಆಧಾರವಿಲ್ಲ.

ನನ್ನ ಪೆನ್ನು ನಿಂತಿತು. "ದೃಷ್ಟಿದೋಷ ಅಂತ ಯಾಕ್ರಿ? ಚಿತ್ರ ಬರದಾಂವ ತಪ್ಪು ಮಾಡ್ಯಾನ ಅಂತ ಬರೀರಿ."

"ಲೇಖನದ ಮ್ಯಾಲೆ ಹೆಸರು ನಂದೈತಿ. ನೋಡಬೇಕಾದಾಂವ ನಾನು. ಬರಿ."

ಮುಂದಿನ ಸಾಲು ಪ್ರಭೇದದ್ದು. ಇಸಾಕಿ ಎಂಬ ಪ್ರಭೇದವನ್ನು ಹಳೆಯ ಕುಲಕ್ಕೆ ಸೇರಿಸಲಾಗಿದೆ ಎಂದು ಹೇಳಿದರು. ನನಗೆ ಅರ್ಥವಾಗಲಿಲ್ಲ. "ನನ್ನ ಹೆಸರು ಇನ್ನೂ ಯಾಕ್ರಿ? ಅದನ್ನೂ ತಗೀರಿ ಸರ್, ನಿಮ್ಮ ಕಾಲ ಹಿಡಕೋತೇನಿ."

"ತಗಿಯಾಕ ಬರಂಗಿಲ್ಲ. ಕುಲ ತಪ್ಪಾತು, ಅದರ ಹೆಸರು ಬಿತ್ತು. ಪ್ರಭೇದಕ್ಕ ಒಮ್ಮ ಇಟ್ಟ ಹೆಸರು ಹಂಗ ಉಳದು ಹಳೇ ಕುಲದಾಗ ಹೋಗಿ ಕೂಡತೈತಿ. ನಿಯಮ ಹಂಗೈತಿ."

ಇಪ್ಪತ್ತು ವರ್ಷ ಕಾದ ಅವರ ವರದೆ ಹೋದಳು. ನಾನು ಉಳಿದೆ. ನನ್ನ ಕೈಯಿಂದಲೇ ಅದನ್ನು ಬರೆದೆ. ಎರಡು ಕಡೆ ಅಕ್ಷರ ಒಡೆಯಿತು, ತಿದ್ದಲಿಲ್ಲ.

ಏಳುವಾಗ ತಡೆಯಲಾರದೆ ಅಂದೆ, "ಒಮ್ಮೆ ಬೈದುಬಿಡ್ರಿ ಸರ್."

"ಬೈಯೂದೇನೈತಿ. ಗೆರಿ ಕೂಡಿಸಿದ್ದು ಕೈತಪ್ಪು, ಅಂಥವು ನಾನೂ ಬೇಕಾದಷ್ಟು ಮಾಡೇನಿ. ಆ ಪತ್ರ ಬಂದ ದಿನ ನೀ 'ಇಲ್ರಿ, ಇದು ಬಿರುಕು' ಅಂದಿದ್ರ, ನಾವಿಬ್ರೂ ಕೂಡಿ ನಕ್ಕಬಿಡತಿದ್ವಿ, ಇಸಾಕ. ಒಂದೊಂದು ಕಪ್ ಚಾ ಕುಡದು, ಆಕೀಗೆ ಪತ್ರ ಬರದು, ಮುಗಸ್ತಿದ್ವಿ."

ಸಿಟ್ಟಿನಿಂದ ಹೇಳಲಿಲ್ಲ. ಕಿಟಕಿಯ ಕಡೆ ನೋಡುತ್ತ ಹೇಳಿದರು.

ವಾಪಸು ಗಾಡಿಯಲ್ಲಿ ನಡುವಿನ ದೇವರಗುಡ್ಡ ಸ್ಟೇಶನ್ ಬಂದದ್ದು ಹೋದದ್ದು ಗೊತ್ತಾಗಲಿಲ್ಲ. ಮನೆಗೆ ಬಂದಾಗ ಕುಲ್ಸುಮಬಿ ಕೇಳಿದಳು, "ಸರ್ ಏನಂದ್ರು?" ಏನಿಲ್ಲ ಅನ್ನುವವನಿದ್ದೆ. ಅನ್ನಲಿಲ್ಲ. ಕರೆಂಟು ಹೋಗಿ ಬಲಗಡೆ ದೀಪ ಹಿಡಿಯದೆ ಬಿಟ್ಟಲ್ಲಿಂದ ಹಿಡಿದು, ಸೂಜಿಯ ವಿಷಯವನ್ನೂ ಬಿಡದೆ, ನಕ್ಕಬಿಡತಿದ್ವಿ ಎಂಬಲ್ಲಿಯವರೆಗೆ ಎಲ್ಲವನ್ನೂ ಹೇಳಿದೆ.

ಕಡೆಗೆ ಕೇಳಿದಳು, "ಸರ್ ಅಂತೂ ನಗತಿದ್ರು. ನೀವು ನಗತಿದ್ರೇನು?"

ನನ್ನ ಗೆರೆ, ನೊಣಕ್ಕಿಟ್ಟ ನನ್ನ ಹೆಸರು ನೆನಪಾದವು. ಇಲ್ಲ ಅಂದೆ.